ಕರುಳ ಕುಡಿಯ ಕರುಳು

ನಮ್ಮ ಕನ್ನಡ ನುಡಿಯಲ್ಲಿ ಕರುಳೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಉಂಡ ಅನ್ನವನ್ನು ಅರಗಿಸಿ ದೇಹಕ್ಕೆ ಒದಗಿಸುವ ಅವಯವವೂ ಕರುಳು. ಹೆತ್ತವರಿಗೆ ಮಕ್ಕಳ ಮೇಲಿರುವ ವಾತ್ಸಲ್ಯವೂ ಕರುಳು. ಹುಟ್ಟಿದ ಕೂಸನ್ನು ಕರುಳ ಕುಡಿಯೆಂದು ಕರೆಯುತ್ತೇವೆ. ಆ ಕುಡಿಯ ತುಟಿ ಸೀಳಿದ್ದರೆ, ಪಾದ ಸೊಟ್ಟಗಿದ್ದರೆ ಹತ್ತು ಜನರೊಡನೆ ಹೇಳಿಕೊಂಡು ಉಪಾಯವನ್ನು ಕೇಳುತ್ತೇವೆ. ಆದರೆ ಊನವು ಅದರ ಕರುಳಿನಲ್ಲಿದ್ದರೆ, ಅದೂ ಮಲವಿಸರ್ಜನೆಯ ದ್ವಾರಕ್ಕೆ ಸಂಬಂಧಿಸಿದ್ದಾದರೆ, ಮನೆಯವರ ಬಾಯಿ ಕಟ್ಟಿಹೋಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಈ ಸಂಗತಿಯಿಂದ ಎಷ್ಟೋ ಕೂಸುಗಳು ಸಕಾಲಕ್ಕೆ ವೈದ್ಯರ ಬಳಿಗೆ ಬರುವುದಿಲ್ಲ. ಬಂದು ಬದುಕಿದ ಮಕ್ಕಳೂ ಮನೆಯ ಮೌನದ ಭಾರವನ್ನು ಹೊತ್ತು ಬೆಳೆಯುತ್ತವೆ.

ನನ್ನ ಮೊಮ್ಮಗನು ಇಂತಹ ಊನದೊಡನೆ ಹುಟ್ಟಿದವನು. ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಜೀವಶಾಸ್ತ್ರವನ್ನು ಬೋಧಿಸಿ ನಿವೃತ್ತಳಾದ ನಾನು ಅವನ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿಯೇ ಉಳಿದಿದ್ದೆ. ಈ ಲೇಖನವನ್ನು ಬರೆಯುವ ಮುನ್ನ ಅವನ ಅನುಮತಿಯನ್ನು ಕೇಳಿದೆ. "ಬರಿ ಅಜ್ಜಿ, ನನ್ನ ಹೆಸರು ಹಾಕಬೇಡ, ಅಷ್ಟೇ" ಎಂದನು. ಅವನ ಮಾತನ್ನು ಪಾಲಿಸಿ, ಕಂಡದ್ದನ್ನೂ ಕಲಿತದ್ದನ್ನೂ ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ.

2009ರ ಡಿಸೆಂಬರ್ ತಿಂಗಳು. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಊರಿನ ಆಸ್ಪತ್ರೆಯಲ್ಲಿ ಸುಖಪ್ರಸವವಾಯಿತು, ಗಂಡು ಕೂಸು, ತೂಕವೂ ಚೆನ್ನಾಗಿತ್ತು. ಕೂಸನ್ನು ಒರೆಸಿ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಿದ್ದ ದಾದಿಯು ಒಮ್ಮೆಲೇ ಸುಮ್ಮನಾದಳು. ಗುದದ್ವಾರವಿರಬೇಕಾದ ಜಾಗದಲ್ಲಿ ಸಣ್ಣದೊಂದು ಗುಳಿ ಮಾತ್ರ ಇತ್ತು, ದ್ವಾರವಿರಲಿಲ್ಲ. ಆ ತಾಯಿ ಹತ್ತು ನಿಮಿಷದೊಳಗೆ ವೈದ್ಯರನ್ನು ಕರೆತಂದಳು. ಅವಳ ಕಣ್ಣು ಅಷ್ಟು ಚುರುಕಾಗಿರದಿದ್ದರೆ ನಾವು ಕೂಸಿನ ಹೊಟ್ಟೆ ಉಬ್ಬಿ ವಾಂತಿಯಾಗುವವರೆಗೂ ಸಂತೋಷದಲ್ಲಿಯೇ ಇರುತ್ತಿದ್ದೆವು.

ಬಂದಿದ್ದ ನೆಂಟರೊಬ್ಬರು ನಾಲಿಗೆಗೆ ಜೇನು ಸವರಲು ಸಿದ್ಧರಾಗಿದ್ದರು; ಇನ್ನೊಬ್ಬರು ಜನ್ಮಘುಟ್ಟಿಯ ಮಾತನ್ನಾಡಿದರು. ವೈದ್ಯರು ಎಲ್ಲವನ್ನೂ ತಡೆದರು. ಬಾಯಿಗೆ ಏನನ್ನೂ ಹಾಕಬಾರದು, ಕೂಸನ್ನು ಬೆಚ್ಚಗಿಡಬೇಕು, ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಈಗಲೇ ಹೊರಡಬೇಕು ಎಂದರು. ಹೊಟ್ಟೆಯೊಳಗಿನ ಗಾಳಿ ಹೊರಬರಲೆಂದು ಮೂಗಿನ ಮೂಲಕ ಸಣ್ಣ ನಳಿಕೆಯನ್ನು ಇಳಿಸಿದರು. ಬಾಣಂತಿಯನ್ನು ಬೀಗಿತಿಯವರ ಕೈಗೊಪ್ಪಿಸಿ, ಅಳಿಯನೂ ನಾನೂ ಕೂಸನ್ನು ಎತ್ತಿಕೊಂಡು ಆಂಬುಲೆನ್ಸ್ ಹತ್ತಿದೆವು.

ದೊಡ್ಡ ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಶಸ್ತ್ರಚಿಕಿತ್ಸೆಯನ್ನು ಆರಂಭಿಸಲಿಲ್ಲ. ಇಷ್ಟು ಅವಸರದಿಂದ ಬಂದರೂ ಏಕೆ ಕಾಯಿಸುತ್ತಾರೆಂದು ಅಳಿಯನು ಕಳವಳಗೊಂಡನು. ಅಲ್ಲಿಯ ಶಸ್ತ್ರವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಕರುಳಿನ ತುದಿ ಚರ್ಮದ ಹತ್ತಿರವೇ ನಿಂತಿದೆಯೋ, ಬಹಳ ಮೇಲೆ ನಿಂತಿದೆಯೋ ಎಂಬುದನ್ನು ಅರಿಯದೆ ಕತ್ತರಿ ಹಿಡಿಯಲಾಗದು. ಹುಟ್ಟಿದ ಕೂಸು ನುಂಗಿದ ಗಾಳಿಯು ಕೆಳತುದಿಯನ್ನು ತಲುಪಲು ಗಂಟೆಗಳು ಬೇಕು. ತಲುಪಿದ ಮೇಲೆಯೇ ಎಕ್ಸ್-ರೇ ಚಿತ್ರದಲ್ಲಿ ಅದು ಕಾಣುತ್ತದೆ. ಅಷ್ಟರಲ್ಲಿ ಮೂತ್ರದಲ್ಲಿ ಕಪ್ಪು ಹಸಿರು ಬಣ್ಣ ಕಾಣಿಸಿದರೆ, ಕರುಳು ದಾರಿ ತಪ್ಪಿ ಮೂತ್ರಮಾರ್ಗಕ್ಕೆ ಕೂಡಿಕೊಂಡಿದೆಯೆಂದು ತಿಳಿಯುತ್ತದೆ. ನಮ್ಮ ಕೂಸಿಗೆ ಆದದ್ದು ಅದೇ. ಮರುದಿನ ಬೆಳಿಗ್ಗೆ ಮೂತ್ರದ ಬಟ್ಟೆಯ ಮೇಲೆ ಕಪ್ಪು ಕಲೆಯಿತ್ತು. ಈ ನಡುವೆ ಹೃದಯ, ಮೂತ್ರಪಿಂಡ, ಬೆನ್ನೆಲುಬು, ಅನ್ನನಾಳ ಎಲ್ಲವನ್ನೂ ಪರೀಕ್ಷಿಸಿದರು. ಗುದದ್ವಾರವಿಲ್ಲದೆ ಹುಟ್ಟುವ ಕೂಸುಗಳಲ್ಲಿ ಈ ಅಂಗಗಳ ದೋಷವೂ ಜೊತೆಗೂಡಿರುವುದುಂಟಂತೆ. ನಮ್ಮ ಭಾಗ್ಯಕ್ಕೆ ಅವೆಲ್ಲವೂ ಸರಿಯಾಗಿದ್ದವು.

ಮೂರು ಹಂತದ ಚಿಕಿತ್ಸೆ ಎಂದು ವೈದ್ಯರು ಹೇಳಿದರು. ಮೊದಲನೆಯದು, ದೊಡ್ಡ ಕರುಳನ್ನು ಹೊಟ್ಟೆಯ ಎಡಭಾಗದಲ್ಲಿ ಹೊರತೆಗೆದು ಮಲಕ್ಕೆ ತಾತ್ಕಾಲಿಕ ದಾರಿ ಮಾಡುವುದು. ಇದಕ್ಕೆ ಕೊಲಾಸ್ಟಮಿ ಎನ್ನುತ್ತಾರೆ. ಎರಡನೆಯದು, ಕೆಲವು ತಿಂಗಳ ಬಳಿಕ ಹೊಸ ಗುದದ್ವಾರವನ್ನು ರಚಿಸುವುದು. ಮೂರನೆಯದು, ಅದು ಮಾಗಿದ ಮೇಲೆ ಹೊಟ್ಟೆಯ ದಾರಿಯನ್ನು ಮುಚ್ಚುವುದು. ಕರುಳು ಚರ್ಮಕ್ಕೆ ಹತ್ತಿರವೇ ಇರುವ ಕೂಸುಗಳಿಗೆ ಒಂದೇ ಶಸ್ತ್ರಚಿಕಿತ್ಸೆ ಸಾಕಾಗುತ್ತದೆ. ನಮ್ಮ ಕೂಸಿಗೆ ಮೂರೂ ಬೇಕಾದವು.

ಹೊಟ್ಟೆಯ ಮೇಲೆ ಮಲದ್ವಾರವೆಂದಾಗ ನಮ್ಮ ಜೀವ ಹಾರಿಹೋಯಿತು. ವೈದ್ಯರು ನಮಗೆ ಧೈರ್ಯ ತುಂಬಲು ಹಳೆಯ ಸಂಗತಿಯೊಂದನ್ನು ಹೇಳಿದರು. 1793ರಲ್ಲಿ ಫ್ರಾನ್ಸ್ ದೇಶದ ಬ್ರೆಸ್ಟ್ ಎಂಬ ಬಂದರು ನಗರದಲ್ಲಿ ಡ್ಯೂರೆ ಎಂಬ ಶಸ್ತ್ರವೈದ್ಯನು ಗುದದ್ವಾರವಿಲ್ಲದ ಮೂರು ದಿನದ ಕೂಸಿಗೆ ಈ ಶಸ್ತ್ರಚಿಕಿತ್ಸೆಯನ್ನು ಮಾಡಿದನು. ಅರಿವಳಿಕೆಯಾಗಲಿ, ಗಾಯ ಕೀವಾಗದಂತೆ ತಡೆಯುವ ಔಷಧವಾಗಲಿ ಇಲ್ಲದ ಕಾಲವದು. ಆ ಕೂಸು ಬದುಕಿ 45 ವರ್ಷ ಬಾಳಿತು. ಆ ಕಾಲದಲ್ಲಿಯೇ ಅಷ್ಟಾಗಿದ್ದರೆ ಇಂದು ಹೆದರುವುದೇಕೆ ಎಂದರು. ನಮ್ಮ ಕೂಸು ಎರಡನೆಯ ದಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂತು. ಕೆಲವು ದಿನಗಳಲ್ಲಿ ತಾಯಿಯ ಹಾಲನ್ನು ಕುಡಿಯತೊಡಗಿತು.

ಹೊರಗೆ ಕಾಣುವ ಆ ಕರುಳಿನ ತುಂಡು ತೇವವಾಗಿ, ಕೆಂಪು ಗುಲಾಬಿಯ ಬಣ್ಣದಲ್ಲಿರುತ್ತದೆ. ಅದನ್ನು ಒರೆಸುವಾಗ ಕೂಸಿಗೆ ನೋವಾಗುವುದಿಲ್ಲ. ಅಲ್ಲಿ ಚರ್ಮದಲ್ಲಿರುವಂತಹ ನೋವಿನ ನರಗಳಿಲ್ಲ. ನೋವಾಗುವುದು ಸುತ್ತಲಿನ ಚರ್ಮ ಹಸಿಯಾಗಿ ಕೆರೆದಾಗ. ಆದ್ದರಿಂದ ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ವೈದ್ಯರು ಕೊಟ್ಟ ಮುಲಾಮನ್ನು ಹಚ್ಚಬೇಕು. ಚೀಲ ದೊರೆತರೆ ಚೀಲ, ಇಲ್ಲವಾದರೆ ಹಳೆಯ ಸೀರೆಯ ಮಡಿಕೆ. ಎರೆಯುವುದಕ್ಕೂ ತೊಟ್ಟಿಲಿಗೂ ಅಡ್ಡಿಯಿಲ್ಲ. ವಾರ್ಡಿನ ದಾದಿಯರು ಇದನ್ನೆಲ್ಲ ಮಗಳಿಗೆ ಎರಡು ದಿನಗಳಲ್ಲಿ ಕಲಿಸಿದರು.

ಕಠಿಣವಾದದ್ದು ಮನೆಗೆ ಬಂದ ಮೇಲಿನ ಮಾತುಗಳು. 2010ರ ಜನವರಿ 15ರಂದು ಸೂರ್ಯಗ್ರಹಣವಿತ್ತು. ಅದರ ಆಸುಪಾಸಿನಲ್ಲಿ ಕೂಸನ್ನು ನೋಡಲು ಬಂದವರಲ್ಲಿ ಹಿರಿಯಾಕೆಯೊಬ್ಬರು, ಹಿಂದಿನ ಜುಲೈ 22ರ ಗ್ರಹಣದಂದು ಬಸುರಿ ಏನಾದರೂ ಹೆಚ್ಚಿದಳೇ, ಹೊಲಿದಳೇ ಎಂದು ಕೇಳಿದರು. ಮಗಳು ತಲೆ ತಗ್ಗಿಸಿದಳು. ನಾನು ಪಾಠ ಹೇಳುವಂತೆಯೇ ಉತ್ತರ ಹೇಳಿದೆ. ಗರ್ಭದೊಳಗೆ ಮೊದಲು ಮಲಕ್ಕೂ ಮೂತ್ರಕ್ಕೂ ಒಂದೇ ಕುಹರವಿರುತ್ತದೆ. ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ನಡುವೆ ಪರದೆಯೊಂದು ಇಳಿದು ಅದನ್ನು ಎರಡಾಗಿ ವಿಭಾಗಿಸುತ್ತದೆ. ಆ ಕೆಲಸ ಸರಿಯಾಗಿ ನಡೆಯದಿದ್ದರೆ ಕರುಳು ತನ್ನ ದ್ವಾರವನ್ನು ಮುಟ್ಟುವುದಿಲ್ಲ. ಆ ಗ್ರಹಣದ ದಿನ ಮಗಳಿಗೆ ಐದನೆಯ ತಿಂಗಳು ನಡೆಯುತ್ತಿತ್ತು. ಊನವು ಅದಕ್ಕೆ ತಿಂಗಳುಗಳ ಮೊದಲೇ ಆಗಿಹೋಗಿತ್ತು. ಸುಮಾರು ಐದು ಸಾವಿರ ಕೂಸುಗಳಲ್ಲಿ ಒಂದಕ್ಕೆ, ಎಲ್ಲ ದೇಶಗಳಲ್ಲಿಯೂ, ಗ್ರಹಣವನ್ನು ಆಚರಿಸುವವರಲ್ಲಿಯೂ ಆಚರಿಸದವರಲ್ಲಿಯೂ ಹೀಗಾಗುತ್ತದೆ. ಆ ಹಿರಿಯಾಕೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಹುಡುಗಿಯದೇನೂ ತಪ್ಪಿಲ್ಲ" ಎಂದರು. ಆ ಒಂದು ಮಾತು ಮಗಳಿಗೆ ಔಷಧಕ್ಕಿಂತ ಹೆಚ್ಚಾಯಿತು.

ಲಿಂಗಧಾರಣೆಯ ವಿಷಯದಲ್ಲಿಯೂ ಸಂದೇಹ ಎದ್ದಿತು. ಹೊಟ್ಟೆಯಿಂದ ಹೊತ್ತಿಲ್ಲದೆ ಮಲ ಹೋಗುವ ಕೂಸಿಗೆ ಈಗಲೇ ಲಿಂಗ ಕಟ್ಟಬಹುದೇ, ಎಲ್ಲ ಮುಗಿದ ಮೇಲೆ ನೋಡೋಣವೇ ಎಂದು ಕೆಲವರು ಅಂದರು. ಮನೆಗೆ ಬಂದ ಗುರುಗಳು ಕೂಸನ್ನು ನೋಡಿ, ಪಂಚಸೂತಕಗಳನ್ನೇ ತೊರೆದ ಶರಣರ ಮಾರ್ಗದಲ್ಲಿ ಈ ಶಿಶುವಿಗೆ ಯಾವ ಸೂತಕವೆಂದು ಕೇಳಿದರು. ತಾಯಿಯ ತೊಡೆಯ ಮೇಲೆಯೇ ಸಂಸ್ಕಾರ ನೆರವೇರಿತು. ಆ ದಿನದಿಂದ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

2010ರ ಏಪ್ರಿಲ್‌ನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ. ಇದರ ವಿಧಾನವನ್ನು ರೂಪಿಸಿದವರು ಆಲ್ಬರ್ಟೊ ಪೆನ್ಯಾ ಎಂಬ ಮೆಕ್ಸಿಕೊ ದೇಶದ ಶಸ್ತ್ರವೈದ್ಯರು. 1980ರಲ್ಲಿ ಮೊದಲ ಬಾರಿ ಮಾಡಿ, 1982ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ಮಲವನ್ನು ಹಿಡಿದಿಡುವ ಸ್ನಾಯುಗಳನ್ನು ಕಣ್ಣಾರೆ ಕಾಣದೆ, ಬಹುಮಟ್ಟಿಗೆ ಊಹೆಯಿಂದಲೇ ಕರುಳನ್ನು ಕೆಳಗೆ ಎಳೆದು ತರುತ್ತಿದ್ದರು. ಪೆನ್ಯಾ ಅವರು ಹಿಂಭಾಗದಿಂದ ನಟ್ಟನಡುವಿನ ಗೆರೆಯಲ್ಲಿಯೇ ಸೀಳಿ ಒಳಗನ್ನೆಲ್ಲ ತೆರೆದು ನೋಡುವ ಕ್ರಮವನ್ನು ತಂದರು. ಎಡದ ನರಗಳು ಎಡಕ್ಕೂ ಬಲದ ನರಗಳು ಬಲಕ್ಕೂ ಇರುವುದರಿಂದ ನಡುಗೆರೆಯಲ್ಲಿ ಸೀಳಿದರೆ ಅವುಗಳಿಗೆ ಧಕ್ಕೆಯಾಗುವುದಿಲ್ಲ. ಸೂಕ್ಷ್ಮವಾದ ವಿದ್ಯುತ್ ಸ್ಪರ್ಶದಿಂದ ಸ್ನಾಯು ಎಲ್ಲಿ ಸಂಕುಚಿಸುತ್ತದೆಯೆಂದು ಕಂಡುಕೊಂಡು, ಕರುಳನ್ನು ಮೂತ್ರಮಾರ್ಗದಿಂದ ಬಿಡಿಸಿ, ಆ ಸ್ನಾಯುವಿನ ಮಧ್ಯದಲ್ಲಿಯೇ ಕೂರಿಸುತ್ತಾರೆ. ನಮ್ಮ ವೈದ್ಯರು ಅನುಸರಿಸಿದ್ದು ಇದೇ ಕ್ರಮ.

ಎರಡು ವಾರಗಳ ನಂತರ ಆರಂಭವಾದದ್ದು ಮನೆಯವರ ಕೆಲಸ. ಹೊಸ ದ್ವಾರವು ಗಾಯದಂತೆ ಮುಚ್ಚಿಕೊಳ್ಳಲು ಯತ್ನಿಸುತ್ತದೆ. ಅದು ಕಿರಿದಾಗದಂತೆ ನಯವಾದ ಲೋಹದ ಕಡ್ಡಿಗೆ ಜಿಡ್ಡು ಸವರಿ ದಿನಕ್ಕೆ ಎರಡು ಬಾರಿ ಹಿಗ್ಗಿಸಬೇಕು. ವಾರವಾರವೂ ಕಡ್ಡಿಯ ಗಾತ್ರವನ್ನು ಹೆಚ್ಚಿಸುತ್ತ, ವಯಸ್ಸಿಗೆ ತಕ್ಕ ಅಳತೆಯನ್ನು ಮುಟ್ಟಿಸಬೇಕು. ಕೂಸು ಅಳುತ್ತದೆ; ತಾಯಿಯ ಕೈ ನಡುಗುತ್ತದೆ. ಮಗಳು ಮೊದಲ ದಿನ ಕಣ್ಣೀರಿಡುತ್ತ ಮಾಡಿದಳು. ಎಂಟನೆಯ ದಿನ ಲಾಲಿಯನ್ನು ಗುನುಗುತ್ತ ಮಾಡಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಕರುಣೆಯೆಂದು ಇದನ್ನು ಕೈಬಿಟ್ಟ ಮನೆಗಳಲ್ಲಿ ದ್ವಾರವು ಮತ್ತೆ ಬಿಗಿದು, ಶಸ್ತ್ರಚಿಕಿತ್ಸೆಯನ್ನು ಪುನಃ ಮಾಡಬೇಕಾದ ಪ್ರಸಂಗಗಳನ್ನು ವಾರ್ಡಿನಲ್ಲಿ ನಾವೇ ಕಂಡಿದ್ದೆವು. ಆಗಸ್ಟ್‌ನಲ್ಲಿ ಮೂರನೆಯ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ದಾರಿ ಮುಚ್ಚಿತು.

ಆ ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಮೂರು ವರ್ಷದ ಬಾಲಕನೊಬ್ಬನಿದ್ದನು. ಕೈಕಾಲು ಕಡ್ಡಿಯಂತಾಗಿ, ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿತ್ತು. ಹುಟ್ಟಿದಂದಿನಿಂದಲೂ ಮಲಬದ್ಧತೆ, ಮೂರು ವರ್ಷ ಹರಳೆಣ್ಣೆ, ಕಷಾಯ, ತಾಯಿತಗಳಲ್ಲಿ ಕಳೆದಿತ್ತು. ಅವನಿಗಿದ್ದದ್ದು ಹರ್ಷ್‌ಸ್ಪ್ರುಂಗ್ ಕಾಯಿಲೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹರ್ಷ್‌ಸ್ಪ್ರುಂಗ್ 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಕರುಳನ್ನು ಅಲೆಯಂತೆ ಚಲಿಸುವಂತೆ ಮಾಡುವ ನರಕೋಶಗಳು ಗರ್ಭದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು, ಸುಮಾರು ಹನ್ನೆರಡನೆಯ ವಾರದ ಹೊತ್ತಿಗೆ ಗುದದ ತುದಿಯನ್ನು ಸೇರಬೇಕು. ನಡುವೆಯೇ ನಿಂತುಬಿಟ್ಟರೆ ಅಲ್ಲಿಂದ ಕೆಳಗಿನ ಕರುಳು ಬಿಗಿದೇ ಇರುತ್ತದೆ. ಮಲ ಮುಂದೆ ಸಾಗುವುದಿಲ್ಲ. ಈ ಕಾಯಿಲೆಯೂ ಸುಮಾರು ಐದು ಸಾವಿರಕ್ಕೆ ಒಂದು ಕೂಸಿನಲ್ಲಿ ಕಾಣುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು.

ಇದರಲ್ಲಿ ಒಂದು ಸೋಜಿಗವುಂಟು. ಉಬ್ಬಿ ಡೋಲಿನಂತಾದ ಕರುಳೇ ರೋಗದ ಮೂಲವೆಂದು ವೈದ್ಯರು ದಶಕಗಳ ಕಾಲ ನಂಬಿದ್ದರು. ವಾಸ್ತವದಲ್ಲಿ ಉಬ್ಬಿದ ಭಾಗ ಆರೋಗ್ಯವಾದದ್ದು. ತಳ್ಳಿ ತಳ್ಳಿ ದಣಿದು ಹಿಗ್ಗಿದ್ದು. ರೋಗವಿದ್ದುದು ನೋಟಕ್ಕೆ ಸಹಜವೆನಿಸುವ ಕೆಳಗಿನ ಕಿರಿದಾದ ಭಾಗದಲ್ಲಿ. ಅಮೆರಿಕದ ಬೋಸ್ಟನ್ ನಗರದಲ್ಲಿ ಆರ್ವರ್ ಸ್ವೆನ್ಸನ್ ಅವರು ಆ ನರವಿಲ್ಲದ ಭಾಗವನ್ನು ತೆಗೆದು ಒಳ್ಳೆಯ ಕರುಳನ್ನು ಕೆಳಗೆ ತಂದು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1948ರಲ್ಲಿ ಪ್ರಕಟಿಸಿದ ಮೇಲೆ ಈ ಮಕ್ಕಳಿಗೆ ಬಾಳು ದೊರೆಯಿತು. ಈಗ ಬಹಳ ಮಕ್ಕಳಿಗೆ ಹೊಟ್ಟೆಯನ್ನು ಸೀಳದೆ ಗುದದ್ವಾರದ ಮೂಲಕವೇ ಇದನ್ನು ಮಾಡುತ್ತಾರೆ. ಪಕ್ಕದ ಹಾಸಿಗೆಯ ಬಾಲಕನು ಚೇತರಿಸಿಕೊಂಡು ಮನೆಗೆ ಹೋದನು. ಅವನ ತಂದೆ ಹೊರಡುವಾಗ, ಮೂರು ವರ್ಷ ಯಾರೂ ಒಂದು ಸಣ್ಣ ಪರೀಕ್ಷೆ ಮಾಡಿಸಿರೆಂದು ಹೇಳಲಿಲ್ಲವಲ್ಲ ಎಂದು ನಿಟ್ಟುಸಿರಿಟ್ಟರು.

ಇನ್ನೊಂದು ಕೂಸಿಗೆ ಸಣ್ಣ ಕರುಳೇ ನಡುವೆ ತುಂಡಾಗಿತ್ತು. ಇದಕ್ಕೂ ತಾಯಿಯ ಕರ್ಮವೆಂದು ಹೇಳುವವರಿದ್ದರು. 1955ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಲೌ ಮತ್ತು ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ವೈದ್ಯರು, ಗರ್ಭದಲ್ಲಿರುವಾಗ ಕರುಳಿನ ರಕ್ತನಾಳ ಮುಚ್ಚಿಹೋದರೆ ಆ ಭಾಗ ಕರಗಿ ಇಂತಹ ತುಂಡು ಉಂಟಾಗುತ್ತದೆಂದು ನಾಯಿಮರಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1967ರಲ್ಲಿ ಮನುಷ್ಯನಿಗೆ ಮೊದಲ ಹೃದಯ ಕಸಿಯನ್ನು ಮಾಡಿದವರು ಇದೇ ಬರ್ನಾರ್ಡ್. ರಕ್ತ ಸಾಲದ ತುದಿಯನ್ನು ತೆಗೆದು ಜೋಡಿಸಬೇಕೆಂದು ಆ ಪ್ರಯೋಗ ಕಲಿಸಿತು; ಅಲ್ಲಿಂದ ಮುಂದೆ, ಬಹುಪಾಲು ಸಾಯುತ್ತಿದ್ದ ಇಂತಹ ಕೂಸುಗಳು ಬಹುಪಾಲು ಬದುಕತೊಡಗಿದವು. ಕಾರಣವನ್ನು ಪಾಪದಲ್ಲಿ ಹುಡುಕದೆ ರಕ್ತನಾಳದಲ್ಲಿ ಹುಡುಕಿದ್ದರಿಂದ ಆದ ಉಪಕಾರವಿದು.

ಶಸ್ತ್ರಚಿಕಿತ್ಸೆ ಯಶಸ್ವಿಯಾದರೆ ಎಲ್ಲವೂ ಮುಗಿಯಿತೆಂದು ಹೇಳಲಾಗದು. ಹುಟ್ಟಿನಿಂದ ಸ್ನಾಯು ನರಗಳು ದುರ್ಬಲವಾಗಿರುವ ಮಕ್ಕಳಿಗೆ ಮಲದ ಹತೋಟಿ ತಡವಾಗಿ ಬರುತ್ತದೆ. ಕೆಲವರಿಗೆ ಪೂರ್ತಿಯಾಗಿ ಬಾರದು. ಕೆಲವರಿಗೆ ಮಲಬದ್ಧತೆ ಕಾಡುತ್ತದೆ. ನಮ್ಮ ಹುಡುಗನಿಗೆ ಶಾಲೆ ಸೇರುವ ವಯಸ್ಸಿನಲ್ಲಿಯೂ ಚಡ್ಡಿ ಕೊಳೆಯಾಗುತ್ತಿತ್ತು. ವೈದ್ಯರ ಸಲಹೆಯಂತೆ ಪ್ರತಿದಿನ ಸಂಜೆ ನಿಯತ ವೇಳೆಗೆ ಎನಿಮಾ ಕೊಟ್ಟು ಕರುಳನ್ನು ತೊಳೆಯುವ ಕ್ರಮವನ್ನು ಆರಂಭಿಸಿದೆವು. ಒಮ್ಮೆ ತೊಳೆದರೆ ಇಡೀ ದಿನ ಸ್ವಚ್ಛ. ದೊಡ್ಡ ಮಕ್ಕಳು ತಾವೇ ಮಾಡಿಕೊಳ್ಳಲು ಅನುವಾಗುವಂತೆ, ಅಪೆಂಡಿಕ್ಸನ್ನು ಹೊಟ್ಟೆಯ ಮೇಲೆ ಸಣ್ಣ ರಂಧ್ರವಾಗಿ ತೆರೆದು ಅಲ್ಲಿಂದ ನೀರು ಹರಿಸುವ ಉಪಾಯವನ್ನು ಮಲೋನ್ ಎಂಬ ವೈದ್ಯರು 1990ರಲ್ಲಿ ಪ್ರಕಟಿಸಿದ್ದಾರೆ. ನಮ್ಮವನಿಗೆ ಅದರ ಅಗತ್ಯ ಬೀಳಲಿಲ್ಲ. ಹತ್ತು ವರ್ಷ ತುಂಬುವಷ್ಟರಲ್ಲಿ ಊಟದ ಪಥ್ಯ ಮತ್ತು ವೇಳೆಯ ಶಿಸ್ತಿನಿಂದಲೇ ಹತೋಟಿ ಬಂದಿತು.

ಆ ವರ್ಷಗಳಲ್ಲಿ ಮನೆಯವರು ಒಂದು ನಿಯಮವನ್ನು ಪಾಲಿಸಿದೆವು: ಬಟ್ಟೆ ಕೊಳೆಯಾದುದಕ್ಕೆ ಯಾರೂ ಗದರುವಂತಿಲ್ಲ, ಮೂಗು ಮುಚ್ಚುವಂತಿಲ್ಲ. ಶಾಲೆಯ ಗುರುಗಳಿಗೆ ಮೊದಲೇ ವಿಷಯವನ್ನು ತಿಳಿಸಿದೆವು; ಅವರು ಕೇಳದೆಯೇ ಹೊರಗೆ ಹೋಗಲು ಅವನಿಗೆ ಅನುಮತಿಯಿತ್ತರು. ಚೀಲದಲ್ಲಿ ಒಂದು ಜೊತೆ ಬಟ್ಟೆ ಸದಾ ಇರುತ್ತಿತ್ತು. ಅವನಿಗೂ ಏಳನೆಯ ವಯಸ್ಸಿನಲ್ಲಿ ಚಿತ್ರ ಬರೆದು ಎಲ್ಲವನ್ನೂ ವಿವರಿಸಿದೆವು. ತನ್ನ ಹೊಟ್ಟೆಯ ಗಾಯದ ಗೆರೆಯನ್ನು ಗೆಳೆಯರು ಕೇಳಿದರೆ, "ಸಣ್ಣವನಿದ್ದಾಗ ಆಪರೇಷನ್ ಆಗಿತ್ತು" ಎಂದು ನೇರವಾಗಿ ಹೇಳುತ್ತಾನೆ. ಈಗ ಹದಿಹರೆಯದವನು, ಕಬಡ್ಡಿ ಆಡುತ್ತಾನೆ, ಕೆರೆಯಲ್ಲಿ ಈಜುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅನೇಕ ಹೆಣ್ಣುಕೂಸುಗಳಲ್ಲಿ ಮಲವು ಬೇರೆಡೆಯಿಂದ, ಯೋನಿದ್ವಾರದ ಹತ್ತಿರದ ಸಣ್ಣ ರಂಧ್ರದಿಂದ ಹೊರಬರುತ್ತದೆ. ಮಲ ಬರುತ್ತಿದೆಯಲ್ಲ ಎಂದು ಮನೆಯವರು ಗಮನಿಸುವುದಿಲ್ಲ. ಗಮನಿಸಿದರೂ ಮದುವೆಯ ಚಿಂತೆಯಿಂದ ಮುಚ್ಚಿಡುತ್ತಾರೆ. ಇದು ಸರಿಪಡಿಸಬಹುದಾದ ಊನ. ಬೇಗ ಸರಿಪಡಿಸಿದಷ್ಟೂ ಆ ಮಗುವಿಗೆ ಒಳಿತು.

ಕೊನೆಯದಾಗಿ, ಬಾಣಂತನ ಮಾಡುವ ಹಿರಿಯ ತಾಯಂದಿರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕೂಸು ಹುಟ್ಟಿದ ಕೂಡಲೇ ಗುದದ್ವಾರವು ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿಸಿರಿ. ಮೊದಲ ಕಪ್ಪು ಮಲವು ಒಂದು ದಿನದೊಳಗೆ ಬರಬೇಕು. ಬಾರದಿದ್ದರೆ ಹರಳೆಣ್ಣೆಯನ್ನು ಹುಡುಕದೆ ವೈದ್ಯರನ್ನು ಕಾಣಿರಿ. ಎಳೆಗೂಸಿನ ವಾಂತಿ ಹಸಿರು ಬಣ್ಣದ್ದಾದರೆ ಅದು ಕರುಳಿಗೆ ತಡೆಯಾದ ಸೂಚನೆಯಾಗಿರಬಹುದು; ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಕೊಳೆಯುತ್ತದೆ, ಬೆಳಗಾಗಲೆಂದು ಕಾಯಬಾರದು. ಹರ್ಷ್‌ಸ್ಪ್ರುಂಗ್ ಕಾಯಿಲೆಯ ಮಗುವಿಗೆ, ಶಸ್ತ್ರಚಿಕಿತ್ಸೆಯ ಬಳಿಕವೂ, ಜ್ವರದೊಡನೆ ಹೊಟ್ಟೆ ಉಬ್ಬಿ ದುರ್ವಾಸನೆಯ ಭೇದಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿಯೂ ನಮ್ಮ ನಾಡಿನ ಹಲವು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಮಕ್ಕಳ ಶಸ್ತ್ರವೈದ್ಯರಿದ್ದಾರೆ. ಹಣದ ಚಿಂತೆಯಿರುವವರು ಸರ್ಕಾರದ ಆರೋಗ್ಯ ಯೋಜನೆಗಳ ನೆರವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬೇಕು.

ಇಂತಹ ಕೂಸು ಹುಟ್ಟಿದ ಮನೆಗೆ ನೋಡಲು ಹೋದಾಗ, ಏಕಾಯಿತೆಂದು ತಾಯಿಯನ್ನು ಕೇಳದಿರೋಣ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಾವಲಿರುತ್ತೇನೆ, ಒಂದು ಹೊತ್ತಿನ ರೊಟ್ಟಿ ಕಳುಹಿಸುತ್ತೇನೆ, ಒಂದು ಮಡಿಕೆ ಹಳೆಯ ಸೀರೆ ತಂದಿದ್ದೇನೆ ಎನ್ನೋಣ. ಆ ಮನೆಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ಅದೇ.